ಜೋಲಿ ಬಿಗಿದಷ್ಟೂ ಬೆನ್ನಿಗೂ ಕೇಡು, ಗಿಡಕ್ಕೂ ಕೇಡು

ಸಂಪಾದಕರಿಗೆ ನಮಸ್ಕಾರ.

ಚಳಿಗಾಲ ಬಂತೆಂದರೆ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಕಡೆಗೆ, ಬೀದರ್ ಸುತ್ತಲಿನ ಕಾಡಂಚಿಗೆ ಹೋಗುವ ಎಳೆಯರ ಚೀಲದಲ್ಲಿ ಈಗ ಹ್ಯಾಮಕ್ ಕಾಣುತ್ತಿದೆ. ಎರಡು ಗಿಡಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ಜೋಲಿ ಅದು. ಸಂತೋಷದ ಸಂಗತಿಯೇ. ಆದರೆ ಹೆಚ್ಚಿನವರು ಅದನ್ನು ಬಟ್ಟೆ ಒಣಹಾಕುವ ಹಗ್ಗದಂತೆ ಎಳೆದು ಬಿಗಿಯುತ್ತಾರೆ. ಬೆನ್ನು ನೋವು, ಹರಿದ ಹಗ್ಗ, ತೊಗಟೆ ಕಿತ್ತ ಗಿಡ ಈ ಮೂರಕ್ಕೂ ಮೂಲ ಅದೊಂದೇ ತಪ್ಪು.

ಲೆಕ್ಕ ನೋಡಿ. 70 ಕೆ.ಜಿ. ತೂಕದವರು ಮಲಗಿದಾಗ ಹಗ್ಗ ನೆಲಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಬದಿಗೆ 70 ಕೆ.ಜಿ. ಎಳೆತ ಬೀಳುತ್ತದೆ. ಕೋನ 15 ಡಿಗ್ರಿಗೆ ಇಳಿದರೆ ಸುಮಾರು 135 ಕೆ.ಜಿ. 5 ಡಿಗ್ರಿಯಾದರೆ 400 ಕೆ.ಜಿ. ಮೀರುತ್ತದೆ. ಮನುಷ್ಯ ಅವನೇ, ಗಿಡವೂ ಅದೇ. ಬಿಗಿತ ಮಾತ್ರ ಹೆಚ್ಚಾಗಿದ್ದು. ಕೋನ ಅಳೆಯಲು ಉಪಕರಣ ಬೇಡ: ಗಿಡದಿಂದ ಬಟ್ಟೆಯ ತುದಿಯವರೆಗಿನ ಪಟ್ಟಿ 2 ಅಡಿ ಇದ್ದರೆ, ಆ ತುದಿ ಗಿಡದ ಮೇಲಿನ ಕಟ್ಟಿಗಿಂತ 1 ಅಡಿ ಕೆಳಗಿರಬೇಕು. ಅಷ್ಟಾದರೆ 30 ಡಿಗ್ರಿ.

10 ಅಡಿ ಉದ್ದದ ಜೋಲಿಗೆ 13 ಅಡಿ ಅಂತರದ ಗಿಡಗಳು ಹೊಂದುತ್ತವೆ. ಎದೆಮಟ್ಟಕ್ಕಿಂತ ತುಸು ಮೇಲೆ, ಸುಮಾರು 5 ಅಡಿ ಎತ್ತರದಲ್ಲಿ ಕಟ್ಟಿದರೆ ಕೂತಾಗ ನೆಲದಿಂದ ಕುರ್ಚಿಯಷ್ಟು, ಅಂದರೆ ಒಂದೂವರೆ ಅಡಿ ಮೇಲಿರುತ್ತೀರಿ. ಗಿಡಗಳ ಅಂತರ 2 ಅಡಿ ಹೆಚ್ಚಾದರೆ ಕಟ್ಟು ಸುಮಾರು 7 ಅಂಗುಲ ಮೇಲೇರಲಿ. ಎರಡು ತುದಿಗಳ ನಡುವೆ 8 ಅಡಿ 4 ಅಂಗುಲದ ತೆಳು ದಾರವೊಂದನ್ನು ಕಾಯಂ ಕಟ್ಟಿಟ್ಟರೆ ಎಲ್ಲಿ ಹೋದರೂ ಜೋಲಿಯ ಬಾಗು ಒಂದೇ ಸಮ ಬರುತ್ತದೆ. ಮಲಗುವಾಗ ಉದ್ದಕ್ಕೆ ನೇರವಾಗಿ ಮಲಗಬೇಡಿ, ಬಾಳೆಹಣ್ಣಿನಂತೆ ಬಾಗುತ್ತೀರಿ. ತಲೆ ಒಂದು ಬದಿಗೆ, ಕಾಲು ಎದುರು ಬದಿಗೆ ಓರೆಯಾಗಿ ಚಾಚಿದರೆ ಬೆನ್ನು ಸಪಾಟಾಗುತ್ತದೆ. ಓರೆಯಾಗಲು ಬಟ್ಟೆ ಸಡಿಲವಿರಬೇಕು. ಬಿಗಿದ ಜೋಲಿಯಲ್ಲಿ ಅದು ಸಾಧ್ಯವಿಲ್ಲ, ಮಗ್ಗುಲಾದರೆ ಮಗುಚಿ ನೆಲಕ್ಕೆ ಹಾಕುತ್ತದೆ.

ಇನ್ನು ಗಿಡದ ಮಾತು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸಣ್ಣ ನೈಲಾನ್ ಹಗ್ಗ ಆ ಪದರವನ್ನು ಚಾಕುವಿನಂತೆ ಕೊಯ್ಯುತ್ತದೆ. ಅದೇ ಗಿಡಕ್ಕೆ ವಾರ ವಾರ ಹತ್ತು ಜನ ಕಟ್ಟಿದರೆ ಗಾಯ ಸುತ್ತ ಕೂಡಿಕೊಂಡು ಗಿಡ ನಿಂತಲ್ಲೇ ಒಣಗುತ್ತದೆ. ಕನಿಷ್ಠ 1 ಅಂಗುಲ, ಎಳೆ ತೊಗಟೆಗೆ 2 ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿಯನ್ನೇ ಬಳಸಿ. ನೈಲಾನ್ ಪಟ್ಟಿ ತೂಕಕ್ಕೆ ಹಿಗ್ಗುತ್ತದೆ, ರಾತ್ರಿ ಮಲಗಿದವರು ಬೆಳಗಿನ ಜಾವ ನೆಲ ಮುಟ್ಟಿರುತ್ತಾರೆ. ನಮ್ಮ ಕಡೆಯ ಮಂಚದ ನವಾರ ಗಿಡಕ್ಕೂ ಹಗ್ಗಕ್ಕೂ ನಡುವೆ ಸುತ್ತಲು ತುಂಬ ಒಳ್ಳೆಯದು. ಆದರೆ ಭಾರ ಹೊರಿಸಬೇಡಿ, ಹಳೆಯ ಹತ್ತಿಯ ನವಾರ ಹೇಳದೆ ಕೇಳದೆ ಹರಿಯುತ್ತದೆ. ಕೀಲಿಗೊಂಚಲಿಗೆ ಹಾಕುವ ಅಗ್ಗದ ಕೊಂಡಿಯೂ ಬೇಡ.

ಎರಡೂ ಕೈ ಬೆರಳ ಹಿಡಿತಕ್ಕೆ ಸಿಗುವ ಸಪೂರ ಗಿಡ ಬಿಡಿ. ಸುತ್ತಳತೆ 20 ಅಂಗುಲಕ್ಕಿಂತ ಹೆಚ್ಚಿರಲಿ. ಕಟ್ಟುವ ಮುಂಚೆ ತಲೆಯೆತ್ತಿ ನೋಡಿ: ಒಣಗಿ ತೂಗುವ ಕೊಂಬೆ ಇದ್ದರೆ ಗಿಡ ಬದಲಿಸಿ. ಕಾಂಡದ ಮೇಲೆ ಇರುವೆ ಸಾಲು ಇದ್ದರೆ ಅದು ಪಟ್ಟಿಯ ಮೇಲೂ ಬರುತ್ತದೆ. ಕಲ್ಲು, ಇಟ್ಟಿಗೆ ಕಂಬಕ್ಕೆ, ಪಾಳು ಗೋಡೆಗೆ ಎಂದೂ ಕಟ್ಟಬೇಡಿ. ಅಡ್ಡ ಎಳೆತಕ್ಕೆ ಅವು ಮಲಗಿದವರ ಮೇಲೆಯೇ ಬೀಳುತ್ತವೆ. ಜೋಲಿಯನ್ನು ಮೊದಲು ಕೈಯಿಂದ ಒತ್ತಿ ನೋಡಿ, ನಂತರ ನಡುವೆ ಕೂತು, ಆಮೇಲೆ ಕಾಲೆತ್ತಿ.

ಡಿಸೆಂಬರ್ ರಾತ್ರಿ ಚಳಿ ಹತ್ತುವುದು ಮೇಲಿನಿಂದಲ್ಲ, ಕೆಳಗಿನಿಂದ. ಮೈಭಾರಕ್ಕೆ ಹಾಸು ಅಪ್ಪಚ್ಚಿಯಾಗಿ ಬೆಚ್ಚನೆಯ ಗಾಳಿ ನಿಲ್ಲುವುದಿಲ್ಲ. ಅವ್ವ ಹೊಲಿದ ಕೌದಿಯನ್ನು ಒಳಗೆ ಹಾಸುವ ಬದಲು ಹೊರಗಿನಿಂದ ಜೋಲಿಯ ತಳಕ್ಕೆ ತಾಗುವಂತೆ ಕಟ್ಟಿ, ವ್ಯತ್ಯಾಸ ತಿಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಕಾಡು ಎಲೆ ಉದುರಿಸಿ ನಿಲ್ಲುತ್ತದೆ, ನೆರಳಿಲ್ಲದೆ ಜೋಲಿ ಕಟ್ಟಿ ಪ್ರಯೋಜನವಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮೋಡ ಕಂಡರಂತೂ ಗಿಡದಡಿ ಇರಲೇಬಾರದು.

ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಅರಣ್ಯ ಇಲಾಖೆಗೆ ನಮ್ಮ ವಿನಂತಿ ಇಷ್ಟು: ಪ್ರವಾಸಿಗರಿಗೆ ಬಿಟ್ಟ ಜಾಗದಲ್ಲಿ 14 ಅಡಿಗೊಂದರಂತೆ ಗಟ್ಟಿ ಕಂಬಗಳ ಒಂದು ಸಾಲು ನೆಡಿ. ಒಂದು ಜೋಲಿಯೇ ಕಂಬವನ್ನು ಸುಮಾರು 60 ಕೆ.ಜಿ. ಬಲದಿಂದ ಅಡ್ಡ ಎಳೆಯುತ್ತದೆ. ಆದ್ದರಿಂದ ಕನಿಷ್ಠ 3 ಅಡಿ ಆಳಕ್ಕೆ ಕಾಂಕ್ರೀಟ್ ತುಂಬಬೇಕು, ಸಾಲಿನ ಎರಡು ಕೊನೆಯ ಕಂಬಗಳನ್ನು ಹೊರಬದಿಗೆ ತಂತಿಯಿಂದ ಎಳೆದು ಕಟ್ಟಬೇಕು. ಅಲ್ಲಿಯವರೆಗೆ ಸಣ್ಣ ಹಗ್ಗಕ್ಕೆ ಪ್ರವೇಶದಲ್ಲೇ ತಡೆ ಹಾಕಿದರೂ ಗಿಡಗಳು ಉಳಿದಾವು.

– ಚಾರಣಾಸಕ್ತ ಓದುಗರು, ಕಲಬುರಗಿ