ಬೊಯೆಥಿಯಸ್ ಜೈಲಿಗೆ ಹೋದದ್ದು ಯಾಕೆ ಎಂದೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯ ನೆಮ್ಮದಿಯ ಅಂಕಣದಲ್ಲಿ ಈ ಸಲ ಬೊಯೆಥಿಯಸ್ ಬಂದಿದ್ದ. ನಾಲ್ಕೇ ಪ್ಯಾರಾ. ಸೆರೆಮನೆಯಲ್ಲೂ ನಗುನಗುತ್ತಾ ಇದ್ದ ರೋಮಿನ ತತ್ವಜ್ಞಾನಿ ಎಂದು ತಲೆಬರಹ, ಪಕ್ಕದಲ್ಲಿ ತಿರುಗುವ ಚಕ್ರದ ಚಿತ್ರ. ಸೋಮವಾರ ಬೆಳಿಗ್ಗೆ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಬೆಂಚಿನಲ್ಲಿ ಕೂರುವಷ್ಟರಲ್ಲಿ ಅದೇ ತುಣುಕು ನಮ್ಮ ವಾಕಿಂಗ್ ಗುಂಪಿನ ವಾಟ್ಸಾಪಿಗೆ ಬಂದಿತ್ತು, ಸೂರ್ಯೋದಯದ ಫೋಟೋದ ಮೇಲೆ. ಹನ್ನೊಂದು ಜನ ಕೈಮುಗಿದಿದ್ದರು.

ನಾನು ಕೈಮುಗಿಯಲಿಲ್ಲ. ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಅವನನ್ನು ನೀರೋನ ಕಾಲದವನು ಎಂದು ಹಾಕಿದ್ದೀರಿ. ಅದು ಸೆನೆಕಾ. ಅವನೂ ಸೆನೆಟರ್, ಅವನೂ ತತ್ವಜ್ಞಾನಿ, ಅವನೂ ದೊರೆಯ ಸಿಟ್ಟಿಗೆ ಜೀವ ಕೊಟ್ಟವನು. ಗೊಂದಲ ಆಗುವುದು ಸಹಜ. ಆದರೆ ಸೆನೆಕಾ ಸತ್ತದ್ದು ಕ್ರಿ.ಶ. 65ರಲ್ಲಿ. ಬೊಯೆಥಿಯಸ್ ಹುಟ್ಟಿದ್ದು 480ರ ಆಸುಪಾಸಿನಲ್ಲಿ. ಆ ಹೊತ್ತಿಗೆ ರೋಮಿನಲ್ಲಿ ಚಕ್ರವರ್ತಿಯೇ ಇರಲಿಲ್ಲ, 476ರಲ್ಲಿ ಕೊನೆಯವನನ್ನು ಇಳಿಸಿ ಆಗಿತ್ತು. ಮುಂದೆ ಇಟಲಿಯನ್ನು ಆಳಿದವನು ಗೋಥರ ರಾಜ ಥಿಯೊಡೊರಿಕ್, ರವೆನ್ನಾ ಎಂಬ ಊರಿನಲ್ಲಿ ಕೂತು. ಸೆನೆಟ್ ಮಾತ್ರ ರೋಮಿನಲ್ಲಿ ಹಾಗೇ ಉಳಿದಿತ್ತು. ದೊಡ್ಡ ಮನೆತನ, ಕಡಿಮೆ ಅಧಿಕಾರ. ನಮ್ಮ ಕಡೆ ಹಳೇ ಗುತ್ತಿನ ಮನೆಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನ ನಿಜವಾದ ತಕರಾರು ಬೇರೆ. ಅವನು ಜೈಲಿನಲ್ಲಿದ್ದ ಎಂದು ಬರೆದಿರಿ. ಯಾಕೆ ಇದ್ದ ಎಂದು ಬರೆಯಲಿಲ್ಲ. ಮಳೆ ಬಂದ ಹಾಗೆ, ಕರೆಂಟ್ ಹೋದ ಹಾಗೆ, ಜೈಲೂ ಸುಮ್ನೆ ಬಂತು ಅನ್ನುವ ರೀತಿ ಇದೆ.

ನಾನು ಮೂವತ್ತಾರು ವರ್ಷ ಸರಕಾರಿ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿದವನು. ತತ್ವಶಾಸ್ತ್ರ ಓದಿದವನಲ್ಲ. ಮೊಮ್ಮಗಳು ಮಣಿಪಾಲದಲ್ಲಿ ಓದುವಾಗ ತಂದು ಬಿಟ್ಟುಹೋದ, ಅವನು ಸೆರೆಯಲ್ಲಿ ಬರೆದ ‘ತತ್ವಶಾಸ್ತ್ರದ ಸಾಂತ್ವನ’ ಎಂಬ ಪುಸ್ತಕದ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಎರಡು ಮಳೆಗಾಲ ಓದಿದೆ. ಆದ್ದರಿಂದ ನನಗೆ ಬೊಯೆಥಿಯಸ್ ಮೊದಲು ಕಾಣುವುದು ಒಬ್ಬ ಅಧಿಕಾರಿಯಾಗಿ. ಫೈಲು ಗೊತ್ತಿದ್ದ ಮನುಷ್ಯನಾಗಿ.

ಅವನ ಯೋಗ್ಯತೆ ಎಂಥದ್ದು ನೋಡಿ. ರಾಜನ ಕಾವಲುಪಡೆಯವರು ತಮಗೆ ಸಂಬಳದಲ್ಲಿ ಕೊಡುವ ಚಿನ್ನದ ನಾಣ್ಯ ತೂಕದಲ್ಲಿ ಕಡಿಮೆ ಇದೆ ಎಂದು ದೂರಿದಾಗ, ಅದನ್ನು ಪರಿಶೀಲಿಸಲು ಥಿಯೊಡೊರಿಕ್ ಪತ್ರ ಬರೆದದ್ದು ಇವನಿಗೆ. ಬರ್ಗಂಡಿಯ ರಾಜನಿಗೆ ನೀರಿನ ಗಡಿಯಾರ, ಬಿಸಿಲಿನ ಗಡಿಯಾರ ಮಾಡಿಸಿ ಕಳಿಸಬೇಕಾದಾಗಲೂ ಇವನಿಗೇ. ಗಣಿತ, ಸಂಗೀತಶಾಸ್ತ್ರದ ಮೇಲೆ ಪುಸ್ತಕ ಬರೆದಿದ್ದ. ಪ್ಲೇಟೋ, ಅರಿಸ್ಟಾಟಲ್ ಇಬ್ಬರ ಅಷ್ಟೂ ಬರಹಗಳನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ತರುತ್ತೇನೆ ಎಂದು ಹೊರಟವನು. ಮುಗಿಸಲು ಬಿಡಲಿಲ್ಲ. ಅರಿಸ್ಟಾಟಲನ ತರ್ಕದ ಭಾಗ ಆಯಿತು, ಅಷ್ಟೇ. ಪಶ್ಚಿಮ ಯುರೋಪಿನವರು 12ನೇ ಶತಮಾನದವರೆಗೂ ಅರಿಸ್ಟಾಟಲನನ್ನು ಹೆಚ್ಚುಕಡಿಮೆ ಆ ಅಷ್ಟರಲ್ಲೇ ಓದಿಕೊಂಡರು.

510ರಲ್ಲಿ ಕಾನ್ಸಲ್ ಆದ. ಅದು ರೋಮಿನ ಬಹು ದೊಡ್ಡ ಪದವಿ, ಆದರೆ ಒಂದೇ ವರ್ಷದ ಗೌರವ. ನಮ್ಮ ಕೃಷ್ಣಮಠದ ಪರ್ಯಾಯಕ್ಕಾದರೂ ಎರಡು ವರ್ಷ ಇದೆ. 522ರಲ್ಲಿ ಅವನ ಇಬ್ಬರು ಮಕ್ಕಳೂ ಒಟ್ಟಿಗೆ ಕಾನ್ಸಲ್ ಆದರು. ಅಂಥದ್ದು ಸುಲಭಕ್ಕೆ ಆಗುವುದಲ್ಲ. ಅಪ್ಪ ಇಬ್ಬರ ನಡುವೆ ಕೂತು ಊರಿಗೆಲ್ಲ ಉಡುಗೊರೆ ಹಂಚಿದ. ಅದೇ ಕಾಲಕ್ಕೆ ಅರಮನೆಯ ಇಲಾಖೆಗಳ ಮುಖ್ಯಸ್ಥನಾಗಿಯೂ ನೇಮಕವಾಯಿತು. ಅಲ್ಲಿಂದ ಜೈಲಿಗೆ ಒಂದು ವರ್ಷದ ದಾರಿ.

ಅಧಿಕಾರದಲ್ಲಿ ಇದ್ದಾಗ ಏನು ಮಾಡಿದ ಎಂದು ಅವನೇ ಪುಸ್ತಕದ ಮೊದಲ ಭಾಗದಲ್ಲಿ ಹೇಳಿಕೊಳ್ಳುತ್ತಾನೆ. ನೀವು ಬಿಟ್ಟದ್ದು ಆ ಪುಟಗಳನ್ನು. ನನಗೆ ರುಚಿಸಿದ್ದೂ ಅವೇ ಪುಟಗಳು. ಕ್ಯಾಂಪೇನಿಯಾ ಎಂಬ ಸೀಮೆಯಲ್ಲಿ ಬರಗಾಲ. ಅಂಥ ಹೊತ್ತಿನಲ್ಲಿ ಸರಕಾರ ನಿಗದಿ ದರಕ್ಕೆ ಧಾನ್ಯವನ್ನು ಕಡ್ಡಾಯವಾಗಿ ಕೊಳ್ಳಲು ಹೊರಟಿತ್ತು. ನಮ್ಮ ಕಡೆ ಲೆವಿ ಭತ್ತದ ಕಾಲ ನೆನಪಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮನೆಯಲ್ಲಿ ಅಕ್ಕಿಮುಡಿ ಖಾಲಿ, ಬಾಗಿಲಲ್ಲಿ ಜೀಪು. ಬೊಯೆಥಿಯಸ್ ತನಗಿಂತ ಕಡಿಮೆಯವನಲ್ಲದ ಅಧಿಕಾರಿಯ ವಿರುದ್ಧ ರಾಜನ ಎದುರಿಗೇ ವಾದಿಸಿ ಅದನ್ನು ನಿಲ್ಲಿಸಿದ. ಪೌಲಿನಸ್ ಎಂಬ ಮಾಜಿ ಕಾನ್ಸಲನ ಆಸ್ತಿಯನ್ನು ಅರಮನೆಯ ‘ನಾಯಿಗಳು’ ನುಂಗಲು ಹೊರಟಾಗ ಅವುಗಳ ಬಾಯಿಂದ ಕಿತ್ತುಕೊಂಡೆ ಅನ್ನುತ್ತಾನೆ. ನಾಯಿ ಎಂಬ ಮಾತು ನನ್ನದಲ್ಲ, ಅವನದೇ.

ಇಷ್ಟು ಮಾಡಿದವನಿಗೆ ಶತ್ರುಗಳು ಹುಟ್ಟದೇ ಇರುತ್ತಾರಾ?

ಆಮೇಲೆ ಆಲ್ಬಿನಸ್ ಪ್ರಕರಣ ಬಂತು. ಆಲ್ಬಿನಸ್ ಒಬ್ಬ ಸೆನೆಟರ್. ಅವನು ಕಾನ್‌ಸ್ಟಾಂಟಿನೋಪಲಿನ ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನನಿಗೆ ಥಿಯೊಡೊರಿಕನ ವಿರುದ್ಧ ಕಾಗದ ಬರೆದಿದ್ದಾನೆ ಎಂದು ಸಿಪ್ರಿಯಾನಸ್ ದೂರು ಕೊಟ್ಟ. ಈ ಸಿಪ್ರಿಯಾನಸ್ ಅಂದರೆ ಜನರ ಅರ್ಜಿಗಳನ್ನು ರಾಜನ ಮುಂದೆ ಇಡುವ ಅಧಿಕಾರಿ. ಆಗ ರಾಜ ವೆರೋನಾದಲ್ಲಿದ್ದ. ಬೊಯೆಥಿಯಸ್ ಎದ್ದು ಹೇಳಿದ್ದು ಹೀಗೆ ಎಂದು ಒಬ್ಬ ಹಳೇ ಇತಿಹಾಸಕಾರ ದಾಖಲಿಸಿದ್ದಾನೆ: ಸಿಪ್ರಿಯಾನಸನ ದೂರು ಸುಳ್ಳು, ಆಲ್ಬಿನಸ್ ಹಾಗೆ ಮಾಡಿದ್ದರೆ ನಾನೂ ಮಾಡಿದ್ದೇನೆ, ಇಡೀ ಸೆನೆಟೂ ಮಾಡಿದೆ.

ಸಂಪಾದಕರೇ, ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಈ ವಾಕ್ಯದ ಭಾರ ಗೊತ್ತಾಗುವುದು. ಫೈಲು ಬೇರೆಯವನದ್ದು. ಸಹಿ ಬೇರೆಯವನದ್ದು. ಇವನು ಸುಮ್ಮನೆ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಸಿಪ್ರಿಯಾನಸ್ ಸ್ವಲ್ಪ ತಡವರಿಸಿ, ಆಮೇಲೆ ದೂರಿನಲ್ಲಿ ಬೊಯೆಥಿಯಸನ ಹೆಸರನ್ನೂ ಸೇರಿಸಿದ. ಸಾಕ್ಷಿಗಳು ಯಾರು? ಬ್ಯಾಸಿಲಿಯಸ್, ರಾಜನ ಕೆಲಸದಿಂದ ತೆಗೆದುಹಾಕಿದವನು, ಮೈಮೇಲೆ ಸಾಲ. ಇನ್ನಿಬ್ಬರು ಒಪಿಲಿಯೊ, ಗೌಡೆಂಟಿಯಸ್. ಇವರ ಮೋಸಗಳಿಗಾಗಿ ರಾಜನೇ ಗಡೀಪಾರು ಆದೇಶ ಮಾಡಿದ್ದ. ಇಬ್ಬರೂ ಹೋಗಿ ಇಗರ್ಜಿಯಲ್ಲಿ ಅಡಗಿದರು. ಇಂಥ ದಿನದೊಳಗೆ ರವೆನ್ನಾ ಬಿಡದಿದ್ದರೆ ಹಣೆಗೆ ಬರೆ ಹಾಕಿ ಓಡಿಸಿ ಎಂದು ರಾಜ ಹೇಳಿದ. ಅದೇ ದಿನ ಅವರು ಬೊಯೆಥಿಯಸನ ಮೇಲೆ ದೂರು ಕೊಟ್ಟರು, ದೂರು ಸ್ವೀಕಾರವಾಯಿತು. ಬರೆ ಹೋಯಿತು. ಖೋಟಾ ಕಾಗದಗಳು ಬಂದವು, ಮಾಟಮಂತ್ರದ ಆರೋಪವೂ ಬಂತು. ಅವನ ಮಾತನ್ನೇ ಕೇಳದೆ ಶಿಕ್ಷೆ ಆಯಿತು. ಸುಮಾರು 500 ಮೈಲಿ ದೂರದಲ್ಲಿ, ಬಾಯಿ ಬಿಡಲು ಅವಕಾಶವಿಲ್ಲದೆ, ಪರವಾಗಿ ಒಬ್ಬರೂ ಇಲ್ಲದೆ ಎಂದು ಬರೆಯುತ್ತಾನೆ. ಯಾವ ಸೆನೆಟಿಗಾಗಿ ಎದ್ದು ನಿಂತನೋ ಆ ಸೆನೆಟು ಕೂತೇ ಇತ್ತು. ಅವನ ಕುರ್ಚಿಗೆ ಕ್ಯಾಸಿಯೋಡೋರಸ್ ಎಂಬ ಇನ್ನೊಬ್ಬ ಅಧಿಕಾರಿ ಬಂದ. ಸಿಪ್ರಿಯಾನಸನಿಗೆ ಬಡ್ತಿ, ಖಜಾನೆ ಸಿಕ್ಕಿತು.

ಈಗ ನನ್ನ ಮಾತು. 1980ರ ದಶಕ, ಉಡುಪಿ ಇನ್ನೂ ಜಿಲ್ಲೆ ಆಗಿರಲಿಲ್ಲ. ಯಾವ ಕಚೇರಿ ಎಂದು ಹೇಳುವುದಿಲ್ಲ. ಮಾರ್ಚ್ ಕೊನೆಯ ವಾರ, ಬಿಲ್ಲು ಪಾಸಾಗಬೇಕು, ಇಲ್ಲದಿದ್ದರೆ ಅನುದಾನ ವಾಪಸ್. ಕಬ್ಬಿಣದ ಕಪಾಟುಗಳು ಬಂದಿರಲಿಲ್ಲ. ಮೇಲಿನವರು ನನ್ನ ಪಕ್ಕದ ಮೇಜಿನ ಹತ್ತಿರ ನಿಂತು, “ದಾಸ್ತಾನು ಪುಸ್ತಕದಲ್ಲಿ ಎಂಟ್ರಿ ಹಾಕಿ, ಮಾಲು ಸೋಮವಾರ ಬರ್ತದೆ” ಅಂದರು. ಪಕ್ಕದ ಮೇಜಿನವರು ಹಾಕಿದರು. ನಾನು ಕೇಳಿಸಿಕೊಂಡೆ. ಮಾಲು ಸೋಮವಾರ ಬರಲಿಲ್ಲ, ಯಾವ ವಾರವೂ ಬರಲಿಲ್ಲ. ಆಡಿಟ್ ಬಂತು. ವಿಚಾರಣಾಧಿಕಾರಿ ನನ್ನನ್ನು ಕರೆದು, ಇವರಿಗೆ ಯಾರಾದರೂ ಹೇಳಿದ್ದು ನಿಮಗೆ ಗೊತ್ತೇ ಎಂದು ಕೇಳಿದರು. “ಗೊತ್ತಿಲ್ಲ ಸರ್” ಅಂದೆ. ಎರಡೇ ಶಬ್ದ.

ಪಕ್ಕದ ಮೇಜಿನವರು ನಾಲ್ಕು ವರ್ಷ ಅಮಾನತಿನಲ್ಲಿದ್ದರು, ಅರ್ಧ ಸಂಬಳ. ಆಮೇಲೆ ಎರಡು ಇಂಕ್ರಿಮೆಂಟ್ ಕಟ್, ಘಟ್ಟದ ಮೇಲಿನ ಊರಿಗೆ ವರ್ಗ. ನನ್ನ ಹೇಳಿಕೆ ಆದ ಮರುದಿನ ಕ್ಯಾಂಟೀನಿನಲ್ಲಿ ಎದುರು ಸಿಕ್ಕಿದವರು, “ಇರಲಿ ಮಾರಾಯ್ರೇ, ನಿಮ್ಗೂ ಮಕ್ಕಳಿದ್ದಾರೆ” ಅಂದರು. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಹಾಗಾಗಿ ನೀವು ‘ನಗುನಗುತ್ತಾ’ ಎಂದು ಬರೆದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಪುಸ್ತಕ ಶುರುವಾಗುವುದೇ ಅಳುವಿನಿಂದ. ಅಕಾಲಕ್ಕೆ ಕೂದಲು ಬೆಳ್ಳಗಾಯಿತು, ಚರ್ಮ ಜೋತುಬಿತ್ತು ಎಂದು ಪದ್ಯ ಕಟ್ಟಿಕೊಂಡು ಅಳುತ್ತಿದ್ದಾನೆ. ಆಗ ತತ್ವವೇ ಒಬ್ಬ ಹೆಂಗಸಾಗಿ ಬಂದು ತಲೆಯ ಹತ್ತಿರ ನಿಲ್ಲುತ್ತಾಳೆ. ಅವಳ ಸೀರೆ ಹರಿದಿದೆ, ಅಂದರೆ ಅವರ ಕಡೆಯ ಉಡುಪು, ನನಗೆ ಸೀರೆಯಾಗಿಯೇ ಕಾಣುತ್ತದೆ. ನಾನು ತಾಳಮದ್ದಳೆಯ ಹುಚ್ಚಿನವನು. ಈ ಪುಸ್ತಕ ನನಗೆ ಹಿಡಿಸಿದ್ದು ಆ ಕಾರಣಕ್ಕೆ. ಒಂದು ಪದ, ಆಮೇಲೆ ಮಾತು, ಮತ್ತೆ ಪದ. ಒಟ್ಟು 39 ಪದಗಳು. ಎದುರುಬದುರು ಇಬ್ಬರೇ ಅರ್ಥಧಾರಿಗಳು, ಸೆರೆಕೋಣೆಯೇ ರಂಗ. ನಮ್ಮಲ್ಲಿ ಪದಕ್ಕೆ ಅರ್ಥ ಹೇಳುತ್ತಾರೆ, ಅಲ್ಲಿ ಪದ ಬರುವುದು ಮಾತಿನ ಬಿಸಿಗೆ ನೀರು ಚಿಮುಕಿಸಿದ ಹಾಗೆ. ಬೊಯೆಥಿಯಸನ ಪೀಠಿಕೆ ಅಂತೂ ಅಪ್ಪಟ ಮೇಲ್ಮನವಿ, ಹೆಸರು, ಊರು ಸಮೇತ. ಅವಳು ಎಲ್ಲವನ್ನೂ ಕೇಳುತ್ತಾಳೆ. ನಿನ್ನ ಕಾಯಿಲೆ ಜೋರಾಗಿದೆ, ಈಗಲೇ ಖಾರದ ಮದ್ದು ತಡೆಯುವುದಿಲ್ಲ, ಮೊದಲು ಮೆತ್ತಗಿನದ್ದು ಕೊಡುತ್ತೇನೆ ಅನ್ನುತ್ತಾಳೆ. ನಮ್ಮಲ್ಲಿ ಜ್ವರ ಬಿಟ್ಟವನಿಗೆ ಗಂಜಿತಿಳಿ ಕೊಟ್ಟ ಹಾಗೆ.

ನೀವು ಚಿತ್ರ ಹಾಕಿದ ಚಕ್ರ ಬರುವುದು ಎರಡನೇ ಭಾಗದಲ್ಲಿ. ಅದೃಷ್ಟದೇವಿ ಹೇಳುತ್ತಾಳೆ, ನಿನ್ನದು ಏನನ್ನು ಕಿತ್ತುಕೊಂಡೆ, ಕೊಟ್ಟದ್ದು ನಾನು, ಹಿಂದೆ ಪಡೆದದ್ದೂ ನಾನು. ಒಪ್ಪುವ ಮಾತು. ಮುಂದೆ ನಾಲ್ಕನೇ ಭಾಗದಲ್ಲಿ ತತ್ವದ ಹೆಂಗಸು ಕೆಟ್ಟವರಿಗೆ ನಿಜವಾಗಿ ಬಲವೇ ಇಲ್ಲ ಎಂದು ವಾದಿಸುತ್ತಾಳೆ. ಅದನ್ನು ನಾನು ಒಪ್ಪಲಾರೆ. ನಾನು ಕಂಡ ಕಚೇರಿಗಳಲ್ಲಿ ಅವರಿಗೆ ಸಾಕಷ್ಟು ಬಲ ಇತ್ತು, ಕಾರೂ ಇತ್ತು.

ಆದರೆ ಎರಡನೇ ಭಾಗದ ಕೊನೆಗೆ ಒಂದು ಮಾತಿದೆ. ಒಳ್ಳೆಯ ಕಾಲಕ್ಕಿಂತ ಕೆಟ್ಟ ಕಾಲವೇ ಮನುಷ್ಯನಿಗೆ ಹೆಚ್ಚು ಉಪಕಾರಿ, ಯಾಕೆಂದರೆ ನಿಜವಾದ ಸ್ನೇಹಿತರು ಯಾರು ಎಂದು ಅದು ವಿಂಗಡಿಸಿ ತೋರಿಸುತ್ತದೆ ಎಂದು. ಅದನ್ನು ಓದಿದ ದಿನ ಪುಸ್ತಕ ಮುಚ್ಚಿ ಇಟ್ಟವನು ಎಂಟು ದಿನ ತೆರೆಯಲಿಲ್ಲ. ಎಲ್ಲರೂ ಆ ಸಾಲನ್ನು ಬೊಯೆಥಿಯಸನ ಜಾಗದಲ್ಲಿ ಕೂತು ಓದುತ್ತಾರೆ. ನಾನು ಹಾಗೆ ಓದುವಂತಿರಲಿಲ್ಲ. ಆ ವಿಂಗಡಣೆಯಲ್ಲಿ ನಾನು ಯಾವ ರಾಶಿಗೆ ಬಿದ್ದೆ ಎಂದು ನನಗೆ ಗೊತ್ತು.

ಅವನನ್ನು 524ರ ಸುಮಾರಿಗೆ ಕೊಂದರು. ಸೆರೆಯಲ್ಲಿದ್ದದ್ದು ಈಗಿನ ಪಾವಿಯಾದ ಕಡೆ, ಮೂಳೆಗಳು ಇರುವುದೂ ಆ ಊರಿನ ಇಗರ್ಜಿಯಲ್ಲೇ. ಅವನನ್ನು ಸಾಕಿ ಹೆಣ್ಣು ಕೊಟ್ಟ ಮಾವ ಸಿಮ್ಮಾಕಸನನ್ನೂ ಮರುವರ್ಷ ಕೊಂದರು. ಆಮೇಲೆ ಥಿಯೊಡೊರಿಕನ ಊಟದ ತಟ್ಟೆಗೆ ದೊಡ್ಡ ಮೀನಿನ ತಲೆ ಬಂತಂತೆ. ಅದು ಅವನಿಗೆ ಸಿಮ್ಮಾಕಸನ ಮುಖದ ಹಾಗೆ, ಕೆಳತುಟಿ ಕಚ್ಚಿ ದುರುಗುಟ್ಟಿ ನೋಡಿದ ಹಾಗೆ ಕಂಡಿತಂತೆ. ಚಳಿ ಹಿಡಿದು ಮಲಗಿದವನು ಅತ್ತು, ಸ್ವಲ್ಪ ದಿನದಲ್ಲಿ ಸತ್ತ ಎಂದು ಆ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಸತ್ತದ್ದು 526ರಲ್ಲಿ, ಅಷ್ಟು ಖಚಿತ. ಮೀನಿನ ಕಥೆ ನಿಜವೋ ಅಲ್ಲವೋ, ಮಲ್ಪೆ ಹತ್ತಿರ ಇರುವ ನಾವು ನಂಬಲು ತಯಾರು.

ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ಐದನೇ ಪ್ಯಾರಾ ಒಂದನ್ನು ಸೇರಿಸಿ. ಅದರಲ್ಲಿ ಆಲ್ಬಿನಸನ ಹೆಸರಿರಲಿ, ಲೆವಿ ಧಾನ್ಯ ನಿಲ್ಲಿಸಿದ್ದು ಇರಲಿ. ಚಕ್ರದ ಚಿತ್ರ ಬೇಕಾದರೆ ಚಿಕ್ಕದು ಮಾಡಿ.

ಪಕ್ಕದ ಮೇಜಿನವರು ಕಳೆದ ವರ್ಷ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ಪಂಕ್ತಿಯ ಹತ್ತಿರ ಬಂದು, “ನೀವು ಇವರ ಒಟ್ಟಿಗೆ ಒಂದೇ ಆಫೀಸಲ್ಲಿ ಇದ್ದವರಲ್ವಾ? ನಿಮ್ಮ ವಿಷಯ ಹೇಳ್ತಿದ್ರು” ಅಂದರು. ಏನು ಹೇಳ್ತಿದ್ರು ಎಂದು ನಾನು ಕೇಳಲಿಲ್ಲ. ಅವರು ಇದೇ ಊರಿನಲ್ಲಿದ್ದಾರೆ, ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ. ಆದ್ದರಿಂದ ದಯವಿಟ್ಟು ನನ್ನ ಹೆಸರು ಹಾಕಬೇಡಿ.

– ಒಬ್ಬ ನಿವೃತ್ತ ಗುಮಾಸ್ತ, ಕಿನ್ನಿಮುಲ್ಕಿ, ಉಡುಪಿ