ಮುನಿಸಿಕೊಂಡವಳಿಗೂ ಖೋ ಕೊಡಬೇಕು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ದೊಡ್ಡಮ್ಮನ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ. ಮಳೆ ಹದವಾಗಿ ಬಂತು, ರಾಗಿ ಪೈರು ಚೆನ್ನಾಗಿ ಎದ್ದಿದೆ.

ಕನ್ನಡ ಮಿಸ್ ಬರೆಸಿದ ಪ್ರಬಂಧವನ್ನು ನನಗೂ ಕಳಿಸಿದೆಯಲ್ಲ, ಬಹಳ ಸಂತೋಷವಾಯಿತು. ತಪ್ಪಿದ್ದರೆ ತಿದ್ದಿ ಅಂದಿದ್ದೆ. ಒಂದೆರಡು ಕಡೆ ಮಹಾಪ್ರಾಣ ಬಿಟ್ಟುಹೋಗಿದೆ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ. ಮಿಕ್ಕಿದ್ದನ್ನು ಮುಟ್ಟಿಲ್ಲ. ಹೈಸ್ಕೂಲಿನ ಬಗ್ಗೆ ನಿನಗೆ ಅನ್ನಿಸಿದ್ದನ್ನು ನಿನ್ನ ಮಾತಲ್ಲೇ ಬರೆದಿದ್ದೀಯ. ಅದು ಹಾಗೇ ಇರಲಿ.

ಆದರೆ ಮೂರನೇ ಪುಟಕ್ಕೆ ಬಂದಾಗ ನಾನು ಮುಂದೆ ಓದಲಾಗದೆ ನಿಂತುಬಿಟ್ಟೆ. "ಅವಳು ಮಾತಾಡಿದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಯಾಕೋ ಊಟ ಸೇರಲ್ಲ" ಅಂತ ಬರೆದಿದ್ದೀಯ. ಅದರ ಮುಂದಿನ ಸಾಲಿಗೇ ವಾರ್ಷಿಕೋತ್ಸವದ ಡಾನ್ಸಿಗೆ ಹೋಗಿಬಿಟ್ಟಿದ್ದೀಯ. ಈ ಪತ್ರ ಹೆಚ್ಚಾಗಿ ಆ ಮಾತಿಗೇ ಉತ್ತರ.

ಆ ಹುಡುಗಿ ರಾಯಚೂರಿನ ಕಡೆಯವಳು ಅಂದೆ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಅವಳು "ನಂಗ ಗೊತ್ತಿಲ್ರಿ ಮಿಸ್" ಅಂದರೆ ಹಿಂದಿನ ಬೆಂಚಿನವರು ಅದನ್ನೇ ರಾಗ ಎಳೆದು ಹೇಳುತ್ತಾರೆ. ಡಬ್ಬಿಯಲ್ಲಿ ದಿನಾ ಜೋಳದ ರೊಟ್ಟಿ ತರುತ್ತಾಳೆ ಅಂತ ಈಗ ಅವಳ ಹೆಸರೇ 'ರೊಟ್ಟಿ' ಆಗಿದೆ.

ನಿನ್ನ ಮೇಲೆ ನನಗೆ ಕೋಪ ಇಲ್ಲ, ಪುಟ್ಟಿ. ಊಟ ಸೇರಲ್ಲ ಅಂತ ಬರೆದೆಯಲ್ಲ, ಅಲ್ಲೇ ನಿನ್ನ ಮನಸ್ಸು ಗೊತ್ತಾಯಿತು. ನೀನು ಯಾಕೆ ನಗುತ್ತೀಯ ಅನ್ನುವುದೂ ನನಗೆ ಗೊತ್ತು. ನಗದೆ ಸುಮ್ಮನೆ ಕೂತರೆ ನಾಳೆ ಸರದಿ ನಿನ್ನದಾಗುತ್ತೆ ಅನ್ನುವ ಭಯ. ಒಂಬತ್ತನೇ ಕ್ಲಾಸಿನಲ್ಲಿ ಅದು ಸಣ್ಣ ಭಯ ಅಲ್ಲ. ದೊಡ್ಡವರು "ಅದಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಡ" ಅಂದುಬಿಡುತ್ತಾರೆ. ದಿನಾ ಆ ಬೆಂಚಿನಲ್ಲಿ ಕೂರಬೇಕಾದವಳು ನೀನು ತಾನೇ.

ಆದರೂ ಆ ನಗು ಏನು ಮಾಡುತ್ತೆ ಅಂತ ನಿನಗೆ ಹೇಳಲೇಬೇಕು. ಪಿ.ಟಿ. ಮೇಷ್ಟ್ರಾಗಿ ನಾನು ಇದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಮೊದಮೊದಲು ಆ ಮಗು ತಾನೂ ನಗುತ್ತೆ. ಆಮೇಲೆ ಒಂದೊಂದೇ ಪದದಲ್ಲಿ ಉತ್ತರ ಹೇಳಲು ಶುರು ಮಾಡುತ್ತೆ. ಉತ್ತರ ಗೊತ್ತಿದ್ದರೂ ಕೈ ಎತ್ತಲ್ಲ. ಪಾಠ ಜೋರಾಗಿ ಓದಿಸುವ ದಿನ ಹೊಟ್ಟೆನೋವು ಬರುತ್ತೆ. ಊಟದ ಬೆಲ್ ಹೊಡೆದಾಗ ಡಬ್ಬಿ ಹಿಡಿದುಕೊಂಡು ಯಾರೂ ಇಲ್ಲದ ಮೂಲೆ ಹುಡುಕುತ್ತೆ. ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯದೆ, ಅರ್ಧ ಸರಿಸಿ, ಒಳಗೇ ಮುರಿದು ತಿನ್ನುತ್ತೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮೇಲೆ ವಾರಕ್ಕೆ ಒಂದು ದಿನ ರಜೆ, ಆಮೇಲೆ ಎರಡು ದಿನ. ಒಂದು ದಿನ ಹಾಜರಿ ಕೂಗಿದಾಗ ಯಾರೋ "ಊರಿಗೆ ಹೋದಳಂತೆ ಸಾರ್" ಅನ್ನುತ್ತಾರೆ.

ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ವಾಪಸ್ ಕರೆತರುವುದು ನಮ್ಮಂಥ ಮೇಷ್ಟ್ರುಗಳ ಕೆಲಸವೇ ಆಗಿತ್ತು. ಹೋದರೆ ಅಪ್ಪ ಅಮ್ಮ ಕೂಲಿಯ ಕಷ್ಟ ಹೇಳುತ್ತಿದ್ದರು, ತಂಗಿಯನ್ನು ನೋಡಿಕೊಳ್ಳುವವರಿಲ್ಲ ಅನ್ನುತ್ತಿದ್ದರು. ಅದೆಲ್ಲಾ ನಿಜವೇ. ಮಗುವನ್ನು ಕೇಳಿದರೆ "ಓದು ಹತ್ತಲ್ಲ ಸಾರ್" ಅನ್ನುತ್ತಿತ್ತು. ಕಾಫಿ ಕುಡಿದು ಇನ್ನೊಂದು ಸ್ವಲ್ಪ ಹೊತ್ತು ಕೂತರೆ, ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಾ, ಕ್ಲಾಸಿನಲ್ಲಿ ತನಗಿಟ್ಟ ಅಡ್ಡಹೆಸರು ಹೇಳುತ್ತಿತ್ತು. ಹೇಳುವಾಗ ಗಂಟಲು ಕಟ್ಟುತ್ತಿತ್ತು. ಅಡ್ಡಹೆಸರು ಇಟ್ಟವರಿಗೆ ಅಷ್ಟರಲ್ಲಿ ಅದು ಮರೆತೂ ಹೋಗಿರುತ್ತಿತ್ತು.

ಇನ್ನೊಂದು ಮಾತು. ಅವಳದು ತಪ್ಪು ಕನ್ನಡ ಅಂತ ನಿನಗೆ ಎಲ್ಲೋ ಒಂದು ಕಡೆ ಅನ್ನಿಸಿದ್ದರೆ ಅದನ್ನು ತೆಗೆದುಹಾಕು. ಬೀದರಿನಿಂದ ಬಳ್ಳಾರಿವರೆಗೆ, ಆ ಕಡೆ ಬೆಳಗಾವಿ ಧಾರವಾಡದವರೆಗೆ ಜನ ತಮ್ಮ ತಮ್ಮ ಕನ್ನಡ ಮಾತಾಡುತ್ತಾರೆ. ನಮ್ಮ ಮಂಡ್ಯದ ಮಾತು ಕೇಳಿದರೆ ಮಂಗಳೂರಿನವರಿಗೆ ಹೊಸದು, ಅವರ ಮಾತು ನಮಗೆ ಹೊಸದು. ರಾಯಚೂರು ಮೊದಲು ನಿಜಾಮನ ಹೈದರಾಬಾದಿಗೆ ಸೇರಿತ್ತು. ಅಲ್ಲಿನ ಕನ್ನಡದವರು, ಮುಂಬೈ ಪ್ರಾಂತ್ಯದಲ್ಲಿದ್ದವರು, ಕೊಡಗಿನವರು, ಮೈಸೂರಿನವರು ಎಲ್ಲಾ ಒಂದು ರಾಜ್ಯವಾಗಿದ್ದು 1956ರ ನವೆಂಬರ್ 1ರಂದು. ಕರ್ನಾಟಕ ಅನ್ನುವ ಹೆಸರು ಬಂದಿದ್ದು 1973ರಲ್ಲಿ. ಇದಕ್ಕಾಗಿ ಎಷ್ಟು ಜನ ಎಷ್ಟು ವರ್ಷ ಹೋರಾಡಿದರು ಅಂತ ನಿನ್ನ ಸಮಾಜ ವಿಜ್ಞಾನದ ಪುಸ್ತಕದಲ್ಲೇ ಬರುತ್ತೆ. ಪ್ರತಿ ವರ್ಷ ಆ ದಿನ ಕೆಂಪು ಹಳದಿ ಬಾವುಟ ಹಿಡಿದು ಮೆರವಣಿಗೆ ಹೋಗುತ್ತೀರಿ. ಆ ಬಾವುಟದಲ್ಲಿ ಅವಳ ಮಾತಿಗೂ ಪಾಲಿದೆ. ಅವಳು ಮಿಸ್ಸನ್ನು "ರೀ" ಅಂತ ಮಾತಾಡಿಸುವುದು ಗೌರವಕ್ಕೆ, ಗೊತ್ತಾಯಿತಾ?

ಈಗ ಏನು ಮಾಡಬೇಕು ಅಂತ ಕೇಳುತ್ತೀಯ. ಕ್ಲಾಸಿನಲ್ಲಿ ಎದ್ದು ನಿಂತು ಭಾಷಣ ಮಾಡು ಅಂತ ನಾನು ಹೇಳಲ್ಲ. ಹಾಗೆ ಮಾಡಿದರೆ ಅವಳಿಗೆ ಮುಜುಗರ ಜಾಸ್ತಿ. ಮೊದಲು ನಗುವುದು ನಿಲ್ಲಿಸು, ಅಷ್ಟೇ. ಅವರು ರಾಗ ಎಳೆದಾಗ ನಿನ್ನ ಪುಸ್ತಕ ನೋಡುತ್ತಾ ಕೂತಿರು. ಅಣಕಿಸುವವರು ಆಡುವುದೇ ನೋಡುವವರಿಗಾಗಿ. ಮುಂದಿನ ಬೆಂಚಿನಲ್ಲಿ ಇಬ್ಬರು ನಗದಿದ್ದರೆ ಅವರ ಉತ್ಸಾಹ ತಾನಾಗಿ ಇಳಿಯುತ್ತೆ. ನಿನ್ನ ಗೆಳತಿಯರು "ಏನೇ ನಿಂಗೆ?" ಅಂದರೆ "ಸಾಕು ಬಿಡ್ರೇ, ಹಳೇದಾಯ್ತು" ಅನ್ನು. ಅದಕ್ಕಿಂತ ದೊಡ್ಡ ಮಾತು ಬೇಕಾಗಿಲ್ಲ.

ಎರಡನೆಯದು, ಅವಳನ್ನು ಅವಳ ಹೆಸರಿನಿಂದಲೇ ಕರಿ. ಎಲ್ಲರಿಗೂ ಕೇಳುವ ಹಾಗೆ ಕರಿ. ಆಮೇಲೆ ಯಾವತ್ತಾದರೂ ಊಟಕ್ಕೆ ಅವಳ ಪಕ್ಕ ಕೂತುಕೋ. ಪಾಪ ಅಂತ ಕೂರಬೇಡ. ಪಾಪ ಅಂತ ಬಂದವರು ಯಾರು, ಜೊತೆಗೆ ಬಂದವರು ಯಾರು ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗಿಬಿಡುತ್ತೆ. ಅಮ್ಮ ಮಾಡಿದ ಚಿತ್ರಾನ್ನ ಅವಳಿಗೆ ಕೊಡು, ಅವಳು ಶೇಂಗಾ ಚಟ್ನಿ ಕೊಟ್ಟರೆ ತಿನ್ನು. ಲೆಕ್ಕದಲ್ಲಿ ಅವಳು ಜಾಣೆ ಅಂತ ಬರೆದಿದ್ದೀಯಲ್ಲ, ನಿನಗೆ ಬಾರದ ಲೆಕ್ಕ ಹೇಳಿಸಿಕೋ. ಅವಳಿಗೆ ಮಾತಾಡಲು ಇಷ್ಟವಿಲ್ಲದಿದ್ದರೆ ಒತ್ತಾಯ ಮಾಡಬೇಡ. ಇಷ್ಟು ದಿನ ನಗುತ್ತಿದ್ದವಳು ಇವತ್ತು ಯಾಕೆ ಬಂದಳು ಅಂತ ಅವಳಿಗೆ ಅನ್ನಿಸುವುದು ಸಹಜ ಅಲ್ವಾ? ಸ್ವಲ್ಪ ದಿನ ಬಿಟ್ಟು ಮತ್ತೆ ಮಾತಾಡಿಸು.

ನೀನು ಖೋಖೋ ತಂಡಕ್ಕೆ ಸೇರಿದ್ದೀಯ ಅಂತ ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಆಟದ ಬಗ್ಗೆ ಬರೆಯದೆ ಈ ಪತ್ರ ಮುಗಿಸಲಾರೆ. ನಿಮ್ಮ ಮೇಷ್ಟ್ರು ನಿಯಮ ಹೇಳಿಕೊಟ್ಟಿರುತ್ತಾರೆ. ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ, ಪಕ್ಕದವರು ಈ ಕಡೆ ಮುಖ ಮಾಡಿ ಕೂರಬೇಕು. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡಬೇಕು. ಅವಳು ನಡುಗೆರೆ ದಾಟುವಂತಿಲ್ಲ, ಅರ್ಧದಲ್ಲಿ ಹಿಂದಕ್ಕೆ ತಿರುಗುವಂತಿಲ್ಲ. ತಪ್ಪಿಸಿಕೊಳ್ಳುವವಳು ಮಾತ್ರ ಕೂತವರ ನಡುವೆ ನುಸುಳಿ ಆ ಕಡೆಗೆ ಹೋಗಿಬಿಡುತ್ತಾಳೆ. ಆಗ ನೀನೆಷ್ಟೇ ಜೋರಾಗಿ ಓಡುವವಳಾದರೂ ಪ್ರಯೋಜನವಿಲ್ಲ. ನಿನಗೆ ಬೆನ್ನು ಮಾಡಿ ಕೂತವಳನ್ನು ಮುಟ್ಟಿ ಖೋ ಅನ್ನಲೇಬೇಕು. ಅವಳು ಮಾತ್ರ ಆ ಕಡೆಗೆ ಏಳಬಲ್ಲಳು.

ನಾನು ಮೇಷ್ಟ್ರಾಗಿದ್ದಾಗ, ತಂಡದಲ್ಲಿ ಇಬ್ಬರು ಹುಡುಗಿಯರು ಮಾತು ಬಿಟ್ಟಿದ್ದಾರೆ ಅಂತ ನನಗೆ ಯಾರೂ ಚಾಡಿ ಹೇಳಬೇಕಾಗಿರಲಿಲ್ಲ. ಮೈದಾನದಲ್ಲೇ ಕಾಣುತ್ತಿತ್ತು. ಓಡುತ್ತಾ ಬಂದವಳು ಮುನಿಸಿಕೊಂಡವಳ ಬೆನ್ನು ಕೈಗೆ ಸಿಗುವಂತಿದ್ದರೂ ಬಿಟ್ಟು, ಮುಂದೆ ಹೋಗಿ ತನ್ನ ಗೆಳತಿಗೆ ಖೋ ಕೊಡುತ್ತಿದ್ದಳು. ಅವಳು ಬೇಕಂತ ಮಾಡುತ್ತಿದ್ದಳು ಅಂತಲ್ಲ, ಕೈ ತಾನಾಗಿ ಹಿಂಜರಿಯುತ್ತಿತ್ತು. ಎದುರಿನ ತಂಡದ ಚುರುಕು ಹುಡುಗಿ ಇದನ್ನು ಬೇಗ ಕಂಡುಕೊಳ್ಳುತ್ತಿದ್ದಳು. ಆಮೇಲೆ ಅವಳು ಸುತ್ತುತ್ತಿದ್ದದ್ದೆಲ್ಲಾ ಅದೇ ಹುಡುಗಿಯ ಆಚೀಚೆ. ಅಲ್ಲಿಂದ ಯಾರೂ ಏಳುವುದಿಲ್ಲ ಅಂತ ಅವಳಿಗೆ ಗೊತ್ತು. ಒಳ್ಳೊಳ್ಳೆ ತಂಡಗಳು ಆ ಒಂದು ಜಾಗದಿಂದಲೇ ಸೋತಿವೆ.

ಅಂಥವರಿಗೆ ನಾನು ಬುದ್ಧಿ ಹೇಳುತ್ತಿರಲಿಲ್ಲ. ಸಂಜೆ ಉಳಿದವರನ್ನು ಕಳಿಸಿ, ಆ ಇಬ್ಬರಿಗೇ ಒಬ್ಬರಿಗೊಬ್ಬರು ಖೋ ಕೊಡುವ ಅಭ್ಯಾಸ ಮಾಡಿಸುತ್ತಿದ್ದೆ. ಖೋ ಅನ್ನುವುದನ್ನು ಜೋರಾಗಿ, ಕೇಳಿಸುವ ಹಾಗೇ ಹೇಳಬೇಕು, ಪಿಸುಗುಟ್ಟಿದರೆ ನಡೆಯಲ್ಲ. ಮೊದಲು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು. ಬೆವರು ಇಳಿದಂತೆ ದನಿ ಬಿಡುತ್ತಿತ್ತು. ಅವರೆಲ್ಲಾ ಪ್ರಾಣಸ್ನೇಹಿತೆಯರಾದರು ಅಂತ ನಾನು ಹೇಳಲಾರೆ. ಕೆಲವರು ಆಮೇಲೂ ಬೇರೆ ಬೇರೆ ಬೆಂಚಿನಲ್ಲೇ ಕೂತರು. ಆದರೆ ಮೈದಾನದಲ್ಲಿ ಆ ಜಾಗ ಖಾಲಿ ಉಳಿಯುತ್ತಿರಲಿಲ್ಲ. ಹೊಂದಿಕೊಂಡು ಹೋಗು ಅಂತ ಅಮ್ಮ ಹೇಳುವಾಗ ನಿನಗೆ ಸಿಟ್ಟು ಬರುತ್ತೆ ಅಂತ ಬರೆದಿದ್ದೀಯ, ಎಲ್ಲರನ್ನೂ ಇಷ್ಟಪಡೋದು ನನ್ನಿಂದಾಗಲ್ಲ ಅಂತ. ಇಷ್ಟಪಡಬೇಕಾಗಿಲ್ಲ ಪುಟ್ಟಿ. ಕೈಗೆ ಸಿಗುವಷ್ಟು ಹತ್ತಿರ ಇದ್ದವಳನ್ನು ಬಿಟ್ಟು ಓಡಬೇಡ, ನಾನು ಕೇಳುವುದು ಇಷ್ಟೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತಲ್ಲ, ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನಾಯಕಿ ಪ್ರಿಯಾಂಕಾ ಇಂಗ್ಳೆ ಮಹಾರಾಷ್ಟ್ರದವರು. ಬೇರೆ ಬೇರೆ ರಾಜ್ಯದ, ಬೇರೆ ಬೇರೆ ಭಾಷೆಯ ಹುಡುಗಿಯರು ಒಬ್ಬರ ಬೆನ್ನು ಒಬ್ಬರು ಮುಟ್ಟಿ ಕಪ್ ಗೆದ್ದರು. ನಿನಗೂ ಆ ಹುಡುಗಿಗೂ ನಡುವೆ ಭಾಷೆಯೂ ಬೇರೆಯಲ್ಲ. ಅವಳು ಖೋಖೋ ಆಡುತ್ತಾಳೋ ಇಲ್ಲವೋ, ಆಡದಿದ್ದರೂ ಪರವಾಗಿಲ್ಲ.

ಇನ್ನು ನಿನ್ನ ಬೇಜಾರಿನ ವಿಷಯ. ಪ್ರೈಮರಿಯಿಂದ ಜೊತೆಗಿದ್ದವಳು ಬೇರೆ ಸೆಕ್ಷನ್ನಿಗೆ ಹೋದಳು, ವಾಟ್ಸಾಪ್ ಗ್ರೂಪಿನಿಂದ ನಿನ್ನನ್ನು ತೆಗೆದರು, ಯಾಕೆ ಅಂತ ಯಾರೂ ಹೇಳಲಿಲ್ಲ. ಇದು ನೋಯುವ ವಿಷಯವೇ. ಅತ್ತಿದ್ದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಮೆಸೇಜಿನಲ್ಲಿ ಮಾತ್ರ ಕೇಳಲು ಹೋಗಬೇಡ. ರಾತ್ರಿ ಹತ್ತು ಗಂಟೆಗೆ ಅಮ್ಮನ ಫೋನಿನಲ್ಲಿ ಬರೆದ ಮಾತು ಬೆಳಗಾಗುವುದರೊಳಗೆ ಹತ್ತು ಜನರ ಕೈಗೆ ಹೋಗಿರುತ್ತೆ. ಬೆಳಿಗ್ಗೆ ಪ್ರೇಯರ್ ಮುಗಿದ ಮೇಲೆ ಅವಳೊಬ್ಬಳನ್ನೇ ಕರೆದು "ನನ್ನಿಂದ ಏನಾದ್ರೂ ಬೇಜಾರಾಯ್ತಾ?" ಅಂತ ಕೇಳು. ಉತ್ತರ ಬಂದರೆ ಕೇಳಿಸಿಕೋ. ಬರದಿದ್ದರೆ ಬಿಟ್ಟುಬಿಡು. ಅವಳ ಗುಟ್ಟುಗಳು ನಿನಗೆ ಗೊತ್ತಿವೆ. ಎಷ್ಟೇ ಸಿಟ್ಟು ಬಂದರೂ ಅವನ್ನು ಯಾರ ಹತ್ತಿರವೂ ಆಡಬೇಡ. ಸ್ನೇಹ ಹೋದ ಮೇಲೂ ಉಳಿಸಿಕೊಳ್ಳಬೇಕಾದ ನಂಬಿಕೆ ಅದು.

ಹೊಂದಿಕೊಳ್ಳಬಾರದ ಕಡೆಯೂ ಇವೆ. ಟೆಸ್ಟಿನಲ್ಲಿ ಕಾಪಿ ತೋರಿಸು ಅಂದರೆ, ಟ್ಯೂಷನ್ನಿಗೆ ಅಂತ ಹೇಳಿ ಬೇರೆ ಕಡೆ ಹೋಗೋಣ ಅಂದರೆ, ಯಾರದೋ ಫೋಟೋ ಕಳಿಸಿ "ಮುಂದಕ್ಕೆ ಕಳಿಸೇ" ಅಂದರೆ ಇಲ್ಲ ಅನ್ನು. ಕಾರಣ ಹೇಳಬೇಕಾಗಿಲ್ಲ. ಯಾರಾದರೂ ಹೆದರಿಸಿದರೆ, ಮೈ ಮುಟ್ಟಿದರೆ, ಅದು ಎಷ್ಟು ದೊಡ್ಡವರೇ ಆಗಿರಲಿ, ಅವತ್ತೇ ಅಮ್ಮನಿಗೆ ಹೇಳು. ಅಮ್ಮನಿಗೆ ಹೇಳಲು ಆಗದಿದ್ದರೆ ನನಗೆ ಹೇಳು. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಮನಸ್ಸು ತೀರಾ ಕುಗ್ಗಿದಾಗ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಎರಡೂ ನಂಬರನ್ನು ನಿನ್ನ ಡೈರಿಯಲ್ಲಿ ಬರೆದಿಟ್ಟುಕೋ. ಆ ಹುಡುಗಿಗೂ ಕೊಡು.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಎಷ್ಟು ನಂಬರ್ ಬರುತ್ತೆ ಅಂತ ಈಗಿಂದಲೇ ಎಲ್ಲರೂ ಕೇಳುತ್ತಿರುತ್ತಾರೆ. ಚೆನ್ನಾಗಿ ಓದು, ಆದರೆ ರಜೆ ಹಾಕಿದವರು ನೋಟ್ಸ್ ಕೇಳಿದರೆ ಬಚ್ಚಿಡಬೇಡ. ನೋಟ್ಸ್ ಕೊಟ್ಟು ನಂಬರ್ ಕಳೆದುಕೊಂಡವರನ್ನು ನಾನು ನೋಡಿಲ್ಲ.

ಅಪ್ಪನಿಗೆ ನಾನು ಕೇಳಿದೆ ಅಂತ ಹೇಳು. ಮೊಣಕಾಲಿಗೆ ಹಾಕುವ ಪಟ್ಟಿ ಕೊಂಡಿದ್ದೇನೆ, ಈ ಕಡೆಯಿಂದ ಯಾರಾದರೂ ಬೆಂಗಳೂರಿಗೆ ಬಂದರೆ ಕಳಿಸುತ್ತೇನೆ. ವಲಯ ಮಟ್ಟದ ಪಂದ್ಯ ಯಾವತ್ತು ಅಂತ ಗೊತ್ತಾದ ಕೂಡಲೇ ಫೋನ್ ಮಾಡು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ