ದಿನಕ್ಕೆ ಆರು ಸಾಲು

ಪ್ರೀತಿಯ ತಂಗಿಗೆ,

ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂತು, ಜೊತೆಗಿದ್ದ ಕಥೆಯನ್ನೂ ಓದಿದೆ. ಆಫೀಸು, ಎರಡೂ ಹೊತ್ತು ಬಸ್ಸು, ಮನೆಗೆಲಸ ಮುಗಿಯುವಷ್ಟರಲ್ಲಿ ಜೀವ ಸಾಕಾಗಿರುತ್ತೆ, ಕೆಲಸ ಬಿಟ್ಟು ಒಂದು ವರ್ಷ ಬರೆಯುತ್ತಾ ಕೂತರೆ ಹೇಗೆ ಅಂತ ಕೇಳಿದ್ದೀಯ. ಬೇಡ ಮಾರಾಯ್ತಿ. ಸಂಬಳ ನಿಂತ ಮೇಲೆ ಮನಸ್ಸು ಕಥೆಗಿಂತ ಬಾಡಿಗೆಯ ಸುತ್ತಲೇ ಸುತ್ತುತ್ತೆ.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಶುರು ಮಾಡಿದ್ದು 1936ರಲ್ಲಿ, ಮುಗಿಸಿದ್ದು 1946ರಲ್ಲಿ. ಅಷ್ಟೂ ಕಾಲ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಇದ್ದರು. ಕಾವ್ಯದಲ್ಲಿ 22 ಸಾವಿರಕ್ಕೂ ಹೆಚ್ಚು ಸಾಲುಗಳಿವೆ. ಹತ್ತು ವರ್ಷಕ್ಕೆ ಹಂಚಿ ನೋಡು, ದಿನಕ್ಕೆ ಆರು ಸಾಲು ಬರುತ್ತೆ. ಅವರು ದಿನವೂ ಲೆಕ್ಕ ಹಾಕಿ ಆರೇ ಸಾಲು ಬರೆದರು ಅಂತಲ್ಲ. ಆದರೆ ಆರು ಸಾಲಿಗೆ ನಿನ್ನ ದಿನದಲ್ಲೂ ಜಾಗ ಇದೆ. ಮಾಸ್ತಿಯವರ ಮೊದಲ ಕಥಾಸಂಗ್ರಹ ಬಂದದ್ದು 1920ರಲ್ಲಿ, ಆಗ ಅವರು ಮೈಸೂರು ಸರ್ಕಾರದ ಅಧಿಕಾರಿ.

ಬೆಳಗ್ಗೆ ಅರ್ಧ ಗಂಟೆ ತೆಗೆದಿಡು. ಫೋನನ್ನು ರಾತ್ರಿಯೇ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಾ, ಎಬ್ಬಿಸುವುದಕ್ಕೆ ಅಲಾರಂ ಗಡಿಯಾರ ಸಾಕು. ಡಿಕಾಕ್ಷನ್ನೂ ರಾತ್ರಿಯೇ ಹಾಕಿಡು. ಮನೆಯವರಿಗೆ ಬಾಯಿಬಿಟ್ಟು ಹೇಳು: ಈ ಅರ್ಧ ಗಂಟೆ ನನ್ನದು, ಕಾಫಿ ನೀವೇ ಬೆರೆಸಿಕೊಳ್ಳಿ ಅಂತ. ಹೇಳದೇ ಇದ್ದರೆ ನಮ್ಮ ಮನೆಗಳಲ್ಲಿ ಹೆಂಗಸಿನ ಸಮಯ ಎಲ್ಲರ ಸಮಯವೇ. ಮೊದಮೊದಲು ಮುಖ ಊದಿಸಿಕೊಳ್ಳಬಹುದು. ಆಮೇಲೆ ರೂಢಿಯಾಗುತ್ತೆ.

ಇದಕ್ಕಿಂತ ಮುಖ್ಯವಾದದ್ದು ರಾತ್ರಿಯ ಐದು ನಿಮಿಷ. ಒಂದು ನೋಟ್‌ಬುಕ್ಕು ಇಟ್ಟುಕೊಂಡು, ಆ ದಿನ ಕಿವಿಗೆ ಬಿದ್ದ ಒಂದು ಮಾತನ್ನು, ಆಡಿದವರ ಬಾಯಲ್ಲಿ ಹೇಗೆ ಬಂತೋ ಹಾಗೇ ಬರೆದು, ತಾರೀಖು ಹಾಕಿ ಮಲಗು. ಮೊನ್ನೆ ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಕೊಳ್ಳುತ್ತಿದ್ದೆ. ಹೂವಿನಾಕೆ ಎಲ್ಲೋ ಹೋಗಿದ್ದಳು, ಹತ್ತು ಹನ್ನೆರಡು ವರ್ಷದ ಮಗಳು ಬುಟ್ಟಿಯ ಮುಂದೆ ಕೂತಿದ್ದಳು. ನನ್ನ ಪಕ್ಕದಲ್ಲಿದ್ದ ಹೆಂಗಸು, “ನಿನ್ನ ಮೊಳ ಗಿಡ್ಡ ಕಣೇ, ನಿಮ್ಮಮ್ಮ ಬರಲಿ” ಅಂದರು. ಹುಡುಗಿ ತಲೆ ಎತ್ತದೆ ಮೊಳಕೈಯಿಂದ ಬೆರಳ ತುದಿಯವರೆಗೆ ಹೂ ಎಳೆದು, ಅಲ್ಲಿಂದ ಇನ್ನೂ ಸ್ವಲ್ಪ ಬಿಟ್ಟು ಕತ್ತರಿಸಿದಳು. “ನಾಕು ಬೆರಳು ಸೇರಿಸೇ ಅಳೀತೀನಕ್ಕಾ, ಅಮ್ಮ ಹೇಳ್ಕೊಟ್ಟವ್ಳೆ.”

ಇದನ್ನು ಅವತ್ತೇ ಬರೆದಿಡದಿದ್ದರೆ ವಾರ ಕಳೆಯುವುದರೊಳಗೆ ‘ಹೂ ಮಾರುವ ಹುಡುಗಿ ಪ್ರಾಮಾಣಿಕಳಾಗಿದ್ದಳು’ ಅನ್ನುವ ಒಂದು ಸಾಲು ಉಳಿಯುತ್ತೆ. ನಾಕು ಬೆರಳು ಹೋಗುತ್ತೆ, ‘ಹೇಳ್ಕೊಟ್ಟವ್ಳೆ’ ಹೋಗುತ್ತೆ, ಮಗಳ ಕೈ ಚಿಕ್ಕದು ಅಂತ ಮೊದಲೇ ಯೋಚಿಸಿದ ಆ ತಾಯಿಯೂ ಹೋಗುತ್ತಾಳೆ. ನೆನಪಿಗೆ ಸಾರಾಂಶ ಮಾಡುವ ಚಟ. ಕಥೆಗೆ ಬೇಕಾದದ್ದೆಲ್ಲ ಸಾರಾಂಶದಲ್ಲಿ ಸೋರಿ ಹೋಗಿರುತ್ತೆ. ನೀನು ದಿನವೂ ಬಸ್ಸಿನಲ್ಲಿ ಓಡಾಡುವವಳು, ಎಷ್ಟು ಮಾತು ಕೇಳಿಸಿಕೊಳ್ಳುತ್ತೀಯ! ಒಂದು ದಾರಿಯಲ್ಲಾದರೂ ಕಿವಿಯಿಂದ ಇಯರ್‌ಫೋನ್ ತೆಗೆದಿಡು.

ಬರೆದದ್ದನ್ನು ಮಾರನೆಯ ದಿನ ಗಟ್ಟಿಯಾಗಿ ಓದು. ನಾಲಿಗೆ ತೊಡರಿದ ಕಡೆ ಗೆರೆ ಎಳೆ, ತಿದ್ದುವುದು ಆಮೇಲಾಗಲಿ. ಕೂತಲ್ಲೇ ಕೂತಿರಬೇಡ, ಸೊಂಟ ಹಿಡಿದುಕೊಂಡರೆ ಯಾವ ಕಥೆಯೂ ಮುಂದಕ್ಕೆ ಹೋಗದು. ನಿದ್ದೆಗೆಟ್ಟು ಬರೆಯುವುದನ್ನು ದೊಡ್ಡಸ್ತಿಕೆ ಅಂತ ಹೇಳುವವರ ಮಾತು ಕೇಳಬೇಡ. ಜ್ವರ ಬಂತು, ನೆಂಟರು ಬಂದರು, ನಾಲ್ಕು ದಿನ ತಪ್ಪಿತು ಅಂತಿಟ್ಟುಕೋ. ಐದನೆಯ ದಿನ ಆರೇ ಸಾಲು ಬರಿ, ಮೂವತ್ತು ಬರೆದು ಬಾಕಿ ತೀರಿಸುವುದಕ್ಕೆ ಹೋಗಬೇಡ. ಬಾಕಿ ಅಂದುಕೊಂಡ ಕೂಡಲೇ ಮೇಜಿನ ಹತ್ತಿರ ಹೋಗುವುದಕ್ಕೇ ಬೇಜಾರಾಗುತ್ತೆ.

ನಿನ್ನ ಕಥೆಯಲ್ಲಿ ಅಜ್ಜಿ ಹಿತ್ತಲಲ್ಲಿ ಹಪ್ಪಳ ಒಣಗಿಸುತ್ತಾ ಕಾಗೆಯನ್ನು ಬೈಯುವ ಭಾಗ ಬಹಳ ಚೆನ್ನಾಗಿದೆ. ಅಲ್ಲಿ ನೀನು ನಿಜವಾಗಿ ಕೇಳಿಸಿಕೊಂಡಿದ್ದೀಯ. ಕೊನೆಯಲ್ಲಿ ಅದೇ ಅಜ್ಜಿ ಭಾಷಣ ಮಾಡುತ್ತಾಳೆ, ಅದನ್ನು ತೆಗೆದುಬಿಡು. ಮುಂದಿನ ಸಲ ಹೊಸ ಕಥೆ ಕಳಿಸಬೇಡ. ನೋಟ್‌ಬುಕ್ಕಿನ ಒಂದು ವಾರದ ಹಾಳೆಗಳನ್ನು, ಚಿತ್ತು ಸಮೇತ, ಹಾಗೇ ಕಳಿಸು. ಓದಿ ಉತ್ತರ ಬರೆಯುತ್ತೇನೆ.

ಇತಿ,
ನಿನ್ನ ಅಕ್ಕ